ಜೀರೋ ಟಿಕೆಟ್ ಎಂಬ ಡೇರೆ

ಹಸಿ ಗೋಣಿಚೀಲಕ್ಕೆ ತನ್ನದೇ ಒಂದು ವಾಸನೆ ಇದೆ. ಮಣ್ಣು, ಒಲೆಬೂದಿ, ಅರೆಕೊಳೆತ ಎಲೆ ಎಲ್ಲ ಸೇರಿದ ವಾಸನೆ. ಹೋದ ಶ್ರಾವಣದಲ್ಲಿ ತಂಗಿಯ ಮಗಳ ಕೂಸನ್ನು ನೋಡಲು ಸೊರಬಕ್ಕೆ ಹೋಗಿದ್ದೆ. ಹಿಂದಿರುಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ನನಗಿಂತ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಕಾಲ ಬಳಿ ಚೀಲ ಇಟ್ಟುಕೊಂಡು ಕೂತಿದ್ದಳು. ಚೀಲದ ಬಾಯಿಂದ ಡೇರೆ ಗಿಡವೊಂದು, ಪೇಟೆಯವರು ಡೇಲಿಯಾ ಅನ್ನುವುದು, ತಲೆ ಹೊರಗೆ ಹಾಕಿತ್ತು. ಅದರ ತುದಿಯಲ್ಲಿ ಒಂದೇ ಒಂದು ಹೂವು. ಹಾಲುಬಿಳಿ ಎಸಳು, ಎಸಳಿನ ತುದಿಗೆ ಮಾತ್ರ ಕುಂಕುಮದ ಬೆರಳು ತಾಗಿಸಿದಷ್ಟು ಕೆಂಪು.

ನೋಡಿದ ಕೂಡಲೇ ಗುರುತು ಹಿಡಿದೆ. ಆದರೂ ಏನೂ ಗೊತ್ತಿಲ್ಲದವಳ ಹಾಗೆ, ಚೆಂದ ಇದೆಯಲ್ಲ, ಏನು ಇದರ ಹೆಸರು ಎಂದು ಕೇಳಿದೆ.

‘ಜೀರೋ ಟಿಕೆಟ್ ಅಂತ ಕಣ್ರೀ,’ ಎಂದಳು.

ಯಾಕೆ ಆ ಹೆಸರು ಎಂದರೆ ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಅತ್ತಿಗೆ ಕೊಟ್ಟದ್ದಂತೆ, ಅತ್ತಿಗೆಗೆ ಆನವಟ್ಟಿಯ ಯಾರೋ ಕೊಟ್ಟದ್ದಂತೆ. ನನಗೆ ಗೊತ್ತಿತ್ತು. ಆ ಹೂವು ಈ ಭೂಮಿಯ ಮೇಲೆ ಮೊದಲು ಅರಳಿದ್ದು ಶಿಕಾರಿಪುರದ ನನ್ನ ಬಾಡಿಗೆ ಮನೆಯ ತಾರಸಿಯಲ್ಲಿ, ಒಂದು ಹಳೆಯ ಪೇಂಟ್ ಡಬ್ಬಿಯಲ್ಲಿ.

ಆಗ ನಾನು ಶಿಕಾರಿಪುರದಿಂದ ಶಿರಾಳಕೊಪ್ಪ, ಆನವಟ್ಟಿ ಮೇಲೆ ಸೊರಬಕ್ಕೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರ್. ಬಾಯಿ ಜೋರು ಎಂದು ಹೆಸರಾಗಿದ್ದೆ. ಹೆಂಗಸು ಕಂಡಕ್ಟರ್ ಮೆತ್ತಗಿದ್ದರೆ ಫುಟ್‌ಬೋರ್ಡಿನಲ್ಲಿ ನಿಂತವರು ಒಳಗೆ ಬರುವುದಿಲ್ಲ, ಜೇಬಿನಲ್ಲಿರುವ ಚಿಲ್ಲರೆ ಹೊರಗೆ ಬರುವುದಿಲ್ಲ. ಅದು ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ವರ್ಷ. ಆಧಾರ್ ಕಾರ್ಡು ತೋರಿಸಿದವರಿಗೆಲ್ಲ ದರದ ಜಾಗದಲ್ಲಿ ಸೊನ್ನೆ ಇರುವ ಚೀಟಿಯನ್ನು ಮಿಷನ್ನಿನಿಂದ ಹರಿದು ಕೊಡಬೇಕು. ಜನ ಅದನ್ನು ಜೀರೋ ಟಿಕೆಟ್ ಎಂದರು. ವರ್ಷಕ್ಕೊಮ್ಮೆ ತವರಿಗೆ ಹೋಗುತ್ತಿದ್ದವರು ತಿಂಗಳಿಗೊಮ್ಮೆ ಹೊರಟರು. ಎಲ್ಲಿಗೂ ಹೋಗದಿದ್ದವರು ಶಿರಾಳಕೊಪ್ಪದಲ್ಲಿ ಬಳೆ ನೋಡಿಕೊಂಡು ಬರಲು ಹೊರಟರು. ನಮ್ಮ ಡ್ರೈವರ್ ಬಸಣ್ಣ ಕನ್ನಡಿಯಲ್ಲಿ ಹಿಂದೆ ನೋಡಿ, ‘ಮಂಜಕ್ಕಾ, ಇನ್ನ ನನ್ ಸೀಟೊಂದ ಉಳದೈತಿ ನೋಡ್ರಿ, ಅದನ್ನೂ ಕೇಳ್ತಾರೇನೋ’ ಎನ್ನುತ್ತಿದ್ದ. ಅವನ ಹೆಂಡತಿಯೂ ಆ ಗುಂಪಿನಲ್ಲೇ ನಿಂತಿರುತ್ತಿದ್ದಳು.

ಆ ವರ್ಷ ಎರಡು ಶ್ರಾವಣ ಬಂದಿದ್ದವು, ಮೊದಲು ಅಧಿಕ, ಆಮೇಲೆ ನಿಜ. ಮಳೆಗೂ ಲೆಕ್ಕ ತಪ್ಪಿತ್ತೆಂದು ಕಾಣುತ್ತದೆ. ಆರಿದ್ರಾ ಮಳೆ ಮೋಡ ತೋರಿಸಿ ಹೋಯಿತು. ಪುಷ್ಯ ಮಳೆ ವೈಪರ್ ಸೋಲುವಷ್ಟು ಸುರಿಯಿತು. ಆಶ್ಲೇಷಕ್ಕೆ ಬಿದ್ದ ಬಿಸಿಲು ಮತ್ತೆ ಗೌರಿ ಹಬ್ಬದವರೆಗೂ ಕದಲಲಿಲ್ಲ. ಡೇರೆ ಬೆಳೆಯುವವರಿಗೆ ಅದು ಕಷ್ಟದ ವರ್ಷ.

ನಾನು ಡೇರೆಯ ಹುಚ್ಚಿಗೆ ಬಿದ್ದದ್ದು ಲಲಿತಕ್ಕನಿಂದ. ಗುಡವಿ ಕೆರೆಯ ಹತ್ತಿರದ ಹಳ್ಳಿಯವರು. ಹಿಂದಿನ ವರ್ಷ ಒಂದು ದಿನ ಸೊರಬದಲ್ಲಿ ನಮ್ಮ ಬಸ್ಸು ಹತ್ತಿದಾಗ ಅವರ ಜಡೆಯಲ್ಲಿ ಅಂಗೈಯಗಲದ ಕಡುಗೆಂಪು ಹೂವಿತ್ತು. ಟಿಕೆಟ್ ಕೇಳುವುದನ್ನು ಬಿಟ್ಟು ಹೂವಿನ ಬಗ್ಗೆ ಕೇಳಿದೆ. ಅವರು ಪಟ್ಟನೆ ನನ್ನ ಫೋನು ಕಿತ್ತುಕೊಂಡು ಒಂದು ಆ್ಯಪ್ ಹಾಕಿಕೊಟ್ಟರು. ಅದರಲ್ಲಿ ಅವರೇ ಕಟ್ಟಿದ ಒಂದು ಗುಂಪಿತ್ತು, ಹೆಸರು ‘ಅಂಗಳ’. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಹೂವಿನ ಹುಚ್ಚಿನ ಹೆಂಗಸರೆಲ್ಲ ಅಲ್ಲಿದ್ದರು. ಗೆಡ್ಡೆಯನ್ನು ಕಣ್ಣು ಮುರಿಯದ ಹಾಗೆ ಬಿಡಿಸುವುದು ಹೇಗೆ, ಬಸವನಹುಳಕ್ಕೆ ಏನು ಹಾಕಬೇಕು, ಊರುಗೋಲು ಯಾವಾಗ ಕೊಡಬೇಕು, ಕೇಳಿದ ಮರುಕ್ಷಣ ಉತ್ತರ ಬರುತ್ತಿತ್ತು. ಒಂದು ಪ್ರಶ್ನೆಗೆ ಎಷ್ಟು ಜನವೋ ಅಷ್ಟು ಉತ್ತರ, ಎಲ್ಲವೂ ಬೇರೆ ಬೇರೆ.

ಲಲಿತಕ್ಕ ಅಲ್ಲಿಗೆ ಒಂದು ಕಟ್ಟುನಿಟ್ಟು ಮಾಡಿದ್ದರು. ಮುಖದ ಫೋಟೋ ಹಾಕುವಂತಿಲ್ಲ, ಹೂವಿನದು ಮಾತ್ರ. ಸೊಸೆಯ ಮುಖ ಯಾವುದೋ ಗುಂಪಿನಲ್ಲಿ ಕಂಡರೆ ಮುಖ ಊದಿಸಿಕೊಳ್ಳುವ ಮನೆಗಳು ಇನ್ನೂ ಇವೆ. ದಾಸವಾಳ ಕಂಡರೆ ಯಾರೂ ಏನೂ ಅನ್ನುವುದಿಲ್ಲ. ಹಾಗಾಗಿ ಯಾರಿಗೂ ಯಾರ ಮುಖವೂ ಗೊತ್ತಿರಲಿಲ್ಲ. ಊರು ಮತ್ತು ಹೂವಿನ ಮೇಲೆ ಗುರುತು. ಲಲಿತಕ್ಕ ಗುಡವಿ ಡೇರೆ, ಇನ್ನೊಬ್ಬರು ಆನವಟ್ಟಿ ಸೇವಂತಿಗೆ, ತೊಗರ್ಸಿಯ ಕಡೆಯ ಒಬ್ಬಾಕೆ ಬರೀ ಮಲ್ಲಿಗೆ. ತಾರಸಿಯಲ್ಲಿ ಪೇಂಟ್ ಡಬ್ಬಿ ಜೋಡಿಸಿದ್ದ ನನ್ನನ್ನು ಶಿಕಾರಿಪುರ ಡಬ್ಬಿ ಎಂದು ಕರೆದರು. ಸಿಟ್ಟು ಬರಲಿಲ್ಲ, ಕಂಡಕ್ಟರಿಗೆ ಜನ ಇದಕ್ಕಿಂತ ಕೆಟ್ಟ ಹೆಸರು ಇಡುತ್ತಾರೆ.

ಆ ಅಂಗಳದ ಜೀವ ಮಾತ್ರ ಇನ್ನೊಬ್ಬರು, ಸರೋಜಕ್ಕ. ಯಾವ ಊರು ಎಂದು ಅವರು ಹೇಳಿರಲಿಲ್ಲ. ‘ರಸ್ತೆಮನೆ ಸರೋಜ’ ಎಂದಷ್ಟೇ ಹಾಕಿಕೊಂಡಿದ್ದರು. ಡೇರೆಯನ್ನು ಗೆಡ್ಡೆಯಿಂದ ಬೆಳೆಸಿದರೆ ತಾಯಿಯದೇ ಬಣ್ಣ. ಬೀಜದಿಂದ ಬೆಳೆಸಿದರೆ ಎಂಥದು ಬರುತ್ತದೋ ಅದಕ್ಕೇ ಗೊತ್ತಿರುವುದಿಲ್ಲ, ಪ್ರತಿ ಗಿಡವೂ ಹೊಸ ಹೂವು. ಹಾಗೆ ಯಾರ ಮನೆಯಲ್ಲಿ ಹೊಸ ಬಣ್ಣ ಅರಳಿದರೂ ಸರೋಜಕ್ಕ ಹೆಸರಿಡಬೇಕು, ಅದು ಅಂಗಳದ ಪದ್ಧತಿ. ಲಲಿತಕ್ಕನ ಕಡುಗೆಂಪು ಹೂವಿಗೆ ‘ಅತ್ತೆ ಸಿಟ್ಟು’ ಎಂದು ಇಟ್ಟವರು ಅವರೇ. ಹಳದಿಯ ಮೇಲೆ ಕಂಡಕಂಡಲ್ಲಿ ಗೆರೆ ಇದ್ದದ್ದು ‘ಸಂತೆ ಸೀರೆ’. ಸೆಟೆದು ನಿಂತ ಬಿಳಿ ಉಂಡೆ ಹೂವು ‘ಹೆಡ್‌ಮಾಸ್ತರ್’. ತಲೆ ತಗ್ಗಿಸಿದ ತಿಳಿಗುಲಾಬಿ ಬಣ್ಣದ್ದು ‘ತವರಿಂದ ಹೊರಟವಳು’. ಅವರು ಇಟ್ಟ ಮೇಲೆ ಆ ಹೂವಿಗೆ ಬೇರೆ ಹೆಸರು ಇರಲು ಸಾಧ್ಯವೇ ಇಲ್ಲ ಅನ್ನಿಸುತ್ತಿತ್ತು. ಬೇಸಗೆಯಲ್ಲಿ ಲಲಿತಕ್ಕ ಕೊಟ್ಟ ಬೀಜದಿಂದ ನನ್ನ ಡಬ್ಬಿಯಲ್ಲಿ ಈ ಬಿಳಿಕೆಂಪು ಹೂವು ಅರಳಿದಾಗ ನಾನು ಕುಣಿದಾಡಿಕೊಂಡು ಫೋಟೋ ಹಾಕಿದೆ. ಸರೋಜಕ್ಕ, ಇದು ಇನ್ನೂ ತನ್ನ ಹೆಸರು ಹೇಳಿಲ್ಲ, ತಡಿ, ಎಂದು ಬರೆದರು.

ಅಂಗಳದ ಇನ್ನೊಂದು ಪದ್ಧತಿ ಲಲಿತಕ್ಕ ಮಾಡಿದ್ದಲ್ಲ, ನಮ್ಮ ಕಡೆ ಹಿಂದಿನಿಂದ ಬಂದದ್ದು. ಹೂವಿನ ಗಿಡಕ್ಕಾಗಲಿ, ಬುಡದಲ್ಲಿ ಒಡೆದ ಅದರ ಮರಿ ಹಿಳ್ಳಿಗಾಗಲಿ ದುಡ್ಡು ಕೊಡಬಾರದು, ತೆಗೆದುಕೊಳ್ಳಲೂಬಾರದು. ಥ್ಯಾಂಕ್ಸ್ ಕೂಡ ಹೇಳಬಾರದು. ಹಾಗೆ ಮಾಡಿದರೆ ಗಿಡ ಹಿಡಿಯುವುದಿಲ್ಲ. ಈಸಿಕೊಂಡವರು ಬದಲಿಗೆ ಇನ್ನೊಂದು ಗಿಡ ಕೊಡಬೇಕು. ಕೊಡಲು ಏನೂ ಇಲ್ಲದಿದ್ದರೆ ಕೇಳದೆ ಕದ್ದುಕೊಂಡು ಹೋಗಬೇಕು. ಕದ್ದ ಗಿಡ ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ. ಡಿಪೋದ ಮುಂದಿನ ಮನೆಯ ದಾಸವಾಳ ನನ್ನಲ್ಲಿ ಬಂದಷ್ಟು ಚೆನ್ನಾಗಿ ಅವರಲ್ಲೇ ಬಂದಿರಲಿಲ್ಲ.

ಪುಷ್ಯ ಮಳೆ ಹೊಡೆಯುತ್ತಿದ್ದ ದಿನಗಳಲ್ಲೇ ಆ್ಯಪ್‌ನವರ ಸೂಚನೆ ಬಂತು. ಮುಂದಿನ ತಿಂಗಳಿಂದ ಸದಸ್ಯರು ಚಂದಾ ಕಟ್ಟಬೇಕು. ಕಟ್ಟದವರಿಗೆ ಗುಂಪು ತೆರೆಯುವುದಿಲ್ಲ. ದೊಡ್ಡ ಮೊತ್ತವೇನಲ್ಲ, ತಿಂಗಳಿಗೆ ಒಂದು ಪ್ಲೇಟು ಮಿರ್ಚಿ ಮಂಡಕ್ಕಿಯ ಖರ್ಚು. ಅಂಗಳದಲ್ಲಿ ಗಲಾಟೆ ಎದ್ದಿತು. ಕಟ್ಟೋಣ ಎಂದು ಎಲ್ಲರಿಗಿಂತ ಮೊದಲು ಬರೆದವಳು ನಾನು. ಹಗಲೆಲ್ಲ ಟಿಕೆಟ್ ಟಿಕೆಟ್ ಎಂದು ಕೂಗುವವಳಿಗೆ ಬೇರೆ ಯಾವ ನ್ಯಾಯ ತೋಚುತ್ತದೆ? ಡೀಸೆಲ್ ಇಲ್ಲದೆ ಬಸ್ಸು ಓಡುತ್ತದೆಯೇ, ಅವರದೂ ಒಂದು ಬಸ್ಸೇ ಎಂದು ಉದ್ದಕ್ಕೆ ಬರೆದೆ.

ಅದಕ್ಕೆ ಉತ್ತರ ಕೊಟ್ಟದ್ದು ಎಂದೂ ಹೆಚ್ಚು ಮಾತಾಡದ ಮಲ್ಲಿಗೆ. ‘ದುಡ್ಡು ಹೆಚ್ಚಲ್ರೀ ಅಕ್ಕಾ. ನನ್ ಫೋನಿಂದ ದುಡ್ಡು ಹೋಗಂಗಿಲ್ಲ. ಮಗನ್ನ ಕೇಳ್ಬೇಕು. ಕೇಳಿದ್ರ ಯಾವ ಗುಂಪು, ಯಾರ್ಯಾರದಾರ, ತೋರ್ಸು ಅಂತಾನ.’

ಅದೇ ಮಾತನ್ನು ನಾನು ದಿನವೂ ಬಸ್ಸಿನಲ್ಲಿ ಕಣ್ಣಾರೆ ನೋಡುತ್ತಿದ್ದೆನಲ್ಲ! ಜೀರೋ ಟಿಕೆಟ್ ಬಂದ ಮೇಲೆ ಆ ಹೆಂಗಸರ ಮುಖ ಅರಳಿದ್ದು ಹತ್ತಿಪ್ಪತ್ತು ರೂಪಾಯಿ ಉಳಿಯಿತೆಂದಲ್ಲ, ಅದನ್ನು ಯಾರ ಮುಂದೆಯೂ ಕೈಚಾಚಿ ಕೇಳಬೇಕಾಗಿಲ್ಲವೆಂದು. ಎಲ್ಲಿಗೆ, ಯಾಕೆ, ಯಾವಾಗ ಬರ್ತೀಯ ಎಂಬ ಪ್ರಶ್ನೆಗಳು ಬಸ್ ಚಾರ್ಜಿನ ಜೊತೆಗೇ ಹೋಗಿದ್ದವು. ನಾನು ಬರೆದದ್ದನ್ನು ಅಳಿಸಿದೆ.

ಆ ವಾರವೇ ಲಲಿತಕ್ಕ ಬಸ್ಸಿನಲ್ಲಿ ಸಿಕ್ಕರು. ಕಂಡಕ್ಟರ್ ಸೀಟಿನ ಪಕ್ಕ ಕೂತು, ಆ್ಯಪ್‌ನ ಆಫೀಸಿನಿಂದ ಯಾರೋ ಫೋನು ಮಾಡಿದ್ದರು ಎಂದು ಹೇಳಿದರು. ನಿಮ್ಮ ಗುಂಪು ಬಹಳ ಚೆನ್ನಾಗಿ ನಡೆಯುತ್ತಿದೆ ಮೇಡಂ, ಸದಸ್ಯರು ಬಿಟ್ಟುಹೋಗದ ಹಾಗೆ ನೋಡಿಕೊಂಡರೆ ಬಂದದ್ದರಲ್ಲಿ ನಿಮಗೂ ಪಾಲು ಎಂದರಂತೆ. ಒಪ್ಪಿದಿರಾ ಎಂದು ಕೇಳಿದೆ.

‘ನಂಗೇನು ದುಡ್ಡು ಬ್ಯಾಡ್ದನೆ ಮಾರಾಯ್ತಿ? ಬೇಕು. ಒಂದಿಡೀ ದಿನ ಯೋಚ್ನೆ ಮಾಡ್ದೆ,’ ಎಂದರು. ‘ಇವತ್ತು ಹೂ ನೋಡಕ್ಕೆ ತಗಂಡ್ರೆ ನಾಳೆ ಹಿಳ್ಳು ಕೊಡಕ್ಕೂ ತಗಳ್ತೀನಿ. ಆಮೇಲೆ ನಾನು ನರ್ಸರಿಯವ್ಳು, ನೀವೆಲ್ಲ ಗಿರಾಕಿ. ಅಂಗಳ ಎಲ್ಲಿರ್ತದೆ ಹೇಳು.’

ಆ್ಯಪ್‌ನವರ ಮೇಲೆ ಅವರಿಗೆ ಸಿಟ್ಟೇ ಇರಲಿಲ್ಲ. ಇಷ್ಟು ವರ್ಷ ಪುಕ್ಕಟೆ ಜಾಗ ಕೊಟ್ಟರು, ಅವರ ಮನೆಯಲ್ಲೂ ಒಲೆ ಉರಿಯಬೇಕು, ಬಾಡಿಗೆ ಕೇಳಿದರೆ ತಪ್ಪೇನು ಎಂದರು. ನಮಗೆ ಕಟ್ಟಲಾಗುವುದಿಲ್ಲ, ಎದ್ದು ಹೋಗೋಣ, ಬೈಯುತ್ತಾ ಹೋಗುವುದು ಬೇಡ. ಇಂಥ ಮಾತು ಆಡುವವರನ್ನು ನಾನು ಹೆಚ್ಚು ಕಂಡಿಲ್ಲ. ಒಂದು ರೂಪಾಯಿ ಚಿಲ್ಲರೆಗೆ ಬಸ್ಸಿನಲ್ಲಿ ಕುಲಗೋತ್ರ ಎತ್ತುವವರ ನಡುವೆ ದುಡಿಯುವವಳು ನಾನು.

ವಾಟ್ಸಾಪಿಗೆ ಹೋಗೋಣ ಎಂದು ಯಾರೋ ಹೇಳಿದರು. ಅಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ, ಮನೆಯವರೆಲ್ಲ ಒಂದೇ ಫೋನು ಹಿಡಿಯುವ ಮನೆಗಳಿವೆ ಎಂದು ಲಲಿತಕ್ಕ ಬೇಡವೆಂದರು. ಕೊನೆಗೆ ಅವರು ಅಂಗಳದಲ್ಲಿ ಬರೆದದ್ದು ಇಷ್ಟು. ಗಡುವಿನೊಳಗೆ ಎಲ್ಲರೂ ಹೊರಡೋಣ. ಆದರೆ ಬರಿಗೈಯಲ್ಲಿ ಹೋಗುವುದು ಬೇಡ. ಇಷ್ಟು ದಿನ ಫೋಟೋ ಕೊಟ್ಟೆವು, ಈಗ ಗಿಡ ಕೊಡೋಣ. ಆನವಟ್ಟಿ ಸಂತೆಯ ದಿನ ಶಿಕಾರಿಪುರದಿಂದ ಬೆಳಿಗ್ಗೆ ಹೊರಡುವ ನಮ್ಮ ಶಿಕಾರಿಪುರ ಡಬ್ಬಿ ಮಂಜುಳನ ಬಸ್ಸಿಗೆ ಬನ್ನಿ, ಬಸ್ಸಿಗೆ ದುಡ್ಡಿಲ್ಲ. ಗುರುತಿಗೆ ನಿಮ್ಮ ನಿಮ್ಮ ಹೂವು ಮುಡಿದುಕೊಳ್ಳಿ.

ನನ್ನನ್ನು ಒಂದು ಮಾತೂ ಕೇಳದೆ ನನ್ನ ಬಸ್ಸನ್ನು ಅಂಗಳ ಮಾಡಿದ್ದರು.

ಆ ಮೊದಲ ಸಂತೆಯ ದಿನ ನಾನು ಹೇಗೆ ಮರೆಯಲಿ? ಒಂದೊಂದು ಸ್ಟಾಪಿನಲ್ಲೂ ಒಬ್ಬೊಬ್ಬರು ಹತ್ತುತ್ತಾರೆ, ಕೈಯಲ್ಲಿ ಬಾಳೆಪಟ್ಟೆ ಸುತ್ತಿದ ಹಿಳ್ಳು, ಕಂಕುಳಲ್ಲಿ ಹಸಿ ಗೋಣಿಚೀಲ. ಹತ್ತಿದವರು ಸೀಟು ಹುಡುಕುವುದಿಲ್ಲ, ಕೂತವರ ಮುಖವನ್ನೂ ನೋಡುವುದಿಲ್ಲ, ಬಗ್ಗಿ ಬಗ್ಗಿ ಜಡೆ ನೋಡುತ್ತಾರೆ. ಓ, ಸಂತೆ ಸೀರೆ ನೀವೇನಾ! ನಾನು ಹೆಡ್‌ಮಾಸ್ತರು ಕಣ್ರೀ! ಹಿಂದಿನ ಸೀಟಿನಲ್ಲಿದ್ದ ಗಂಡಸರೊಬ್ಬರು ಈ ಹೆಂಗಸರಿಗೆ ಏನಾಗಿದೆ ಎಂದು ನನ್ನನ್ನು ಕೇಳಿದರು. ಬಸಣ್ಣ ಮುಂದಿನಿಂದ, ‘ಇದು ಬಸ್ಸೋ, ತೋಟಗಾರಿಕೆ ಇಲಾಖೆನೋ’ ಎಂದ. ಹಿಳ್ಳಿಗೆ ಲಗೇಜ್ ಹಾಕುವುದಿಲ್ಲವೇ ಎಂದು ಇನ್ನೊಬ್ಬರು ತಕರಾರು ತೆಗೆದರು. ಬಸ್ಸಿನೊಳಗೆ ಬಂದ ಗುಬ್ಬಿಗೆ ಟಿಕೆಟ್ ಹಾಕಿದ ದಿನ ಹಿಳ್ಳಿಗೂ ಹಾಕುತ್ತೇನೆ ಎಂದೆ. ಮಲ್ಲಿಗೆಯಾಕೆ ಬಂದಳು, ಸಣ್ಣ ಆಳು, ಮೊಣಕಾಲುದ್ದ ಜಡೆಯ ತುಂಬ ಮಲ್ಲಿಗೆ. ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಟಿಕೆಟ್ ಚೀಲ ಅಡ್ಡ ಬಂತು.

ಸರೋಜಕ್ಕ ಬರಲಿಲ್ಲ. ಯಾವ ಜಡೆ ನೋಡಿದರೂ ಅವರಲ್ಲ.

ಗಡುವಿನ ದಿನ ಎಲ್ಲರೂ ಅಂಗಳದಲ್ಲಿ ಕೊನೆಯದೊಂದು ಹೂವು ಹಾಕಿ ಹೊರಬಿದ್ದರು. ಸರೋಜಕ್ಕ ಎಲ್ಲರಿಗೂ ಚೆನ್ನಾಗಿರಿ ಎಂದು ಬರೆದರು. ತಾವು ಎಲ್ಲಿಗೆ ಹೋಗುತ್ತೇನೆಂದು ಬರೆಯಲಿಲ್ಲ. ಮುಂದಿನ ಸಂತೆಗೆ ಬಂದಾರು ಎಂದುಕೊಂಡೆವು. ಅಷ್ಟರಲ್ಲಿ ಮಳೆ ಪೂರ್ತಿ ಕೈಕೊಟ್ಟಿತ್ತು. ರಸ್ತೆಬದಿಯ ಗದ್ದೆಗಳಲ್ಲಿ ಜನ ಮುಗಿಲು ನೋಡುತ್ತಾ ನಿಂತಿರುತ್ತಿದ್ದರು. ನಾನು ಪಾಳಿ ಮುಗಿಸಿ ಬಂದು ಅಕ್ಕಿ ತೊಳೆದ ನೀರನ್ನೆಲ್ಲ ಡಬ್ಬಿಗಳಿಗೆ ಹಂಚುತ್ತಿದ್ದೆ.

ಶಿರಾಳಕೊಪ್ಪ ದಾಟಿ ಆನವಟ್ಟಿಗೆ ಹೋಗುವ ದಾರಿಯಲ್ಲಿ ಒಂದು ಸ್ಟಾಪಿದೆ. ಊರಿಲ್ಲ, ಒಂದು ಪಂಕ್ಚರ್ ಅಂಗಡಿ, ಅದಕ್ಕಂಟಿದ ಒಂದು ಮನೆ, ಅದರ ಮುಂದೆ ರಸ್ತೆಯ ಮೋರಿ. ಒಂದು ಬಿಸಿಲ ಬೆಳಿಗ್ಗೆ ಯಾರೋ ಅಲ್ಲಿ ಇಳಿದರು. ಸೀಟಿ ಊದುವವಳು ಹಾಗೇ ನಿಂತೆ. ಅಂಗಡಿಯ ಮುಂದೆ ಅರ್ಧ ಮಾತ್ರ ಬಿಳಿ ಬಣ್ಣ ಬಳಿದ ಟೈರು ನೇತಾಡುತ್ತಿತ್ತು. ಆ ಟೈರನ್ನು ನಾನು ಎಷ್ಟು ಸಲ ನೋಡಿದ್ದೆ! ಸರೋಜಕ್ಕನ ಪ್ರತಿ ಫೋಟೋದಲ್ಲೂ ಹೂವಿನ ಹಿಂದೆ ಅದೇ ಟೈರು. ದಿನಕ್ಕೆರಡು ಬಾರಿ ಅವರ ಮನೆಯ ಮುಂದೆಯೇ ಹೋಗುತ್ತಿದ್ದೆ, ಟಿಕೆಟ್ ಹರಿಯುತ್ತಾ. ಜಗಲಿಯ ಮೇಲೆ ವಾಕರ್ ಹಿಡಿದ ಹೆಂಗಸೊಬ್ಬರು ಒಂದು ಕೈಯಲ್ಲಿ ಫೋನು ಎತ್ತಿ ಕುಂಡದ ಹೂವಿನ ಫೋಟೋ ತೆಗೆಯುತ್ತಿದ್ದರು.

ಬಸಣ್ಣನಿಗೆ ಒಂದು ನಿಮಿಷ ಎಂದು ಕೂಗಿ ಇಳಿದು ಓಡಿದೆ. ನಾನು ಶಿಕಾರಿಪುರ ಡಬ್ಬಿ ಎಂದೆ. ಅವರು ನನ್ನ ಖಾಕಿಯನ್ನೂ ಸೀಟಿಯನ್ನೂ ನೋಡಿ ನಕ್ಕರು. ಯಾರಿಗೆ ಈ ಫೋಟೋ ಎಂದು ಕೇಳಿದೆ.

‘ನಮ್ಮ ಅಂಗಳದಾಗ ಹಾಕಾಕ. ನೀವೆಲ್ಲ ಹೊಂಟ್ರಿ, ನಾ ವರ್ಷದ ಚಂದಾ ಕಟ್ಟಿಬಿಟ್ಟೆ,’ ಎಂದರು. ‘ಅಲ್ಲಿ ಯಾರೂ ಇಲ್ಲ ಅಂತ ಗೊತ್ತು ಕಣಮ್ಮ. ಕದ ಹಾಕಿದ ಮನಿ ಮುಂದ ದಿನಾ ದೀಪ ಹಚ್ಚಿದಂಗ ಹಚ್ತೀನಿ. ನಾ ಇನ್ನೆಲ್ಲಿಗೆ ಹೋಗ್ಲಿ?’

ನಾಲ್ಕೈದು ವರ್ಷದ ಹಿಂದೆ ತುಂಬಿದ ಬಸ್ಸೊಂದರಿಂದ ಇಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಂದಿನಿಂದ ಬಸ್ಸು ಹತ್ತಿಲ್ಲ. ಹಾಸಿಗೆಯಿಂದ ಜಗಲಿ, ಜಗಲಿಯಿಂದ ಹಾಸಿಗೆ. ಗಂಡ ಮಲ್ಲಪ್ಪ ಒಳ್ಳೆಯವರು, ಚಂದಾವನ್ನು ಅವರೇ ತಮ್ಮ ಫೋನಿನಿಂದ ಕಟ್ಟಿಕೊಟ್ಟಿದ್ದರು. ನನಗೋಸ್ಕರ ಇರಿ ಎಂದು ಒಂದು ಮಾತು ಬರೆದಿದ್ದರೆ ನಾವೆಲ್ಲ ಇರುತ್ತಿರಲಿಲ್ಲವೇ ಎಂದೆ. ಇರುತ್ತಿದ್ದಿರಿ, ಅದಕ್ಕೇ ಬರೆಯಲಿಲ್ಲ ಎಂದರು. ಮಲ್ಲಿಗೆಯವಳು ಮಗನ ಮುಂದೆ ನಿಲ್ಲುವುದು ಅವರಿಗೆ ಬೇಕಿರಲಿಲ್ಲ.

ಬಸಣ್ಣ ಹಾರನ್ ಒತ್ತಿದ. ಕಣ್ಣು ಒರೆಸಿಕೊಳ್ಳುತ್ತಾ 'ರೈಟ್' ಎಂದ ಕಂಡಕ್ಟರನ್ನು ಅವನು ಅದೇ ಮೊದಲು ನೋಡಿದ್ದು.

ಲಲಿತಕ್ಕ ಬಸ್ಸಿನಲ್ಲಿ ಸಿಕ್ಕಾಗ ಇದನ್ನು ಹೇಳಿದೆ. ‘ಎಲ್ಲಾರನ್ನೂ ಎಬ್ಬಿಸ್ದೆ. ಏಳಕ್ಕಾಗ್ದೆ ಇದ್ದವ್ರು ಯಾರು ಅಂತ ನೋಡ್ಲೇ ಇಲ್ಲ,’ ಎಂದರು. ಮುಂದಿನ ಸಂತೆಯ ದಿನ ಅವರು ಸೊರಬದಿಂದ ಬರುವುದನ್ನು ಬಿಟ್ಟು ಹಿಂದಿನ ದಿನವೇ ಶಿಕಾರಿಪುರಕ್ಕೆ ಬಂದು ನಮ್ಮ ಮನೆಯಲ್ಲಿ ಉಳಿದು, ಬೆಳಿಗ್ಗೆ ನನ್ನ ಜೊತೆಗೇ ಬಸ್ಸು ಹತ್ತಿದರು. ಹತ್ತಿದವರಿಗೆಲ್ಲ ಒಂದೇ ಮಾತು ಹೇಳಿದರು, ಇವತ್ತು ಸಂತೆ ಆನವಟ್ಟಿಯಲ್ಲಲ್ಲ.

ಪಂಕ್ಚರ್ ಅಂಗಡಿ ಸ್ಟಾಪಿನಲ್ಲಿ ಹೆಂಗಸರೆಲ್ಲ ಇಳಿದರು. ಸರೋಜಕ್ಕ ಜಗಲಿಯ ಮೇಲೆ ಕೂತಿದ್ದವರು ಏನು ನಡೆಯುತ್ತಿದೆ ಎಂದು ತಿಳಿಯದೆ ವಾಕರಿಗೆ ಕೈ ಹಾಕಿದರು. ಲಲಿತಕ್ಕ ಎಲ್ಲರಿಗಿಂತ ಮುಂದೆ ಹೋಗಿ, ತಾನು ಯಾರೆಂದು ಹೇಳಲಿಲ್ಲ, ಬೆನ್ನು ತಿರುಗಿಸಿ ನಿಂತರು. ಜಡೆಯಲ್ಲಿ ಕಡುಗೆಂಪು ಹೂವಿತ್ತು.

‘ಅತ್ತೆ ಸಿಟ್ಟು,’ ಎಂದರು ಸರೋಜಕ್ಕ. ‘ಗುಡವಿ ಲಲಿತಕ್ಕ.’

ಒಬ್ಬೊಬ್ಬರೇ ಹೋಗಿ ತಿರುಗಿ ನಿಂತರು. ಸಂತೆ ಸೀರೆ. ಹೆಡ್‌ಮಾಸ್ತರು. ತವರಿಂದ ಹೊರಟವಳು. ಅವರು ಒಂದನ್ನೂ ತಪ್ಪಲಿಲ್ಲ. ಮಲ್ಲಿಗೆಯವಳ ಜಡೆ ನೋಡಿದಾಗ ಮಾತ್ರ ಹೆಸರು ಹೇಳುವ ಬದಲು ಅವಳ ಕೈ ಹಿಡಿದುಕೊಂಡರು. ಕೊನೆಗೆ ನಾನೂ ಹೋಗಿ ತಿರುಗಿದೆ. ಅವರು ನನ್ನ ಬಿಳಿಕೆಂಪು ಹೂವನ್ನು ಮುಟ್ಟಿ ನೋಡಿ, ಇದು ಇನ್ನೂ ಹೇಳಿಲ್ಲ ಎಂದರು.

ಬಸಣ್ಣ ಹಾರನ್ ಒತ್ತಿದ, ಮತ್ತೆ ಒತ್ತಿದ. ಯಾರೂ ವಾಪಸು ಹತ್ತಲಿಲ್ಲ. ಮಲ್ಲಪ್ಪ ಅಂಗಡಿಯ ಸ್ಟೂಲು, ಗಾಳಿ ಹೋದ ಟ್ಯೂಬಿನ ರಾಶಿ, ಇದ್ದದ್ದನ್ನೆಲ್ಲ ಕೂರಲು ತಂದಿಡುತ್ತಿದ್ದರು. ನಾಲ್ಕಾರು ಗಂಡಸರನ್ನು ಹೊತ್ತು ನಮ್ಮ ಬಸ್ಸು ಆನವಟ್ಟಿಗೆ ಹೊರಟಿತು. ಕಂಡಕ್ಟರಿಗೆ ಖಾಲಿ ಬಸ್ಸೆಂದರೆ ಕಳೆಯಿಲ್ಲದ ಮನೆ. ಆವತ್ತು ಮಾತ್ರ ನನಗೆ ಹಾಡಿಕೊಳ್ಳಬೇಕು ಅನ್ನಿಸಿತು.

ಗೌರಿ ಹಬ್ಬಕ್ಕೆ ಮುಂಚಿನ ಸಂತೆ. ಪಂಕ್ಚರ್ ಅಂಗಡಿ ಹತ್ತಿರವಾಗುತ್ತಿದ್ದಂತೆ ಬಸಣ್ಣ ಯಾವಾಗಲೂ ನಿಲ್ಲಿಸುವ ಜಾಗದಲ್ಲಿ ನಿಲ್ಲಿಸದೆ ಮುಂದೆ ಹೋಗಿ, ಮೋರಿಯ ಕಟ್ಟೆಗೆ ಒತ್ತಿಕೊಂಡ ಹಾಗೆ ಬಸ್ಸನ್ನು ತಂದು ನಿಲ್ಲಿಸಿದ. ಕಟ್ಟೆಯೂ ಬಸ್ಸಿನ ಮೆಟ್ಟಿಲೂ ಸಮಕ್ಕೆ ಬಂದವು. ಕಟ್ಟೆಯ ಮೇಲೆ ಹೊಸ ಸೀರೆಯುಟ್ಟ ಸರೋಜಕ್ಕ ನಿಂತಿದ್ದರು, ಹಿಂದೆ ಮಲ್ಲಪ್ಪ. ಇದನ್ನೆಲ್ಲ ಬಸಣ್ಣನೂ ಮಲ್ಲಪ್ಪನೂ ಹಿಂದಿನ ದಿನವೇ ಮಾತಾಡಿಕೊಂಡಿದ್ದರೆಂದು ಆಮೇಲೆ ಗೊತ್ತಾಯಿತು. ಬಾಯಿಬಡುಕ ಎಂದು ಅವನನ್ನು ಬೈದದ್ದನ್ನೆಲ್ಲ ನಾನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ.

ಸರೋಜಕ್ಕ ಬಾಗಿಲ ಕಂಬಿ ಹಿಡಿದರು. ಕಾಲು ಎತ್ತಲಿಲ್ಲ. ಅವರ ತುಟಿಯ ಮೇಲೆ ಬೆವರು ಮೂಡಿತ್ತು. ಬಸ್ಸಿನಲ್ಲಿ ಬೇಗ ಬೇಗ ಎಂದು ಯಾರೂ ಅನ್ನಲಿಲ್ಲ. ನಾನು ಬಾಯಿ ತೆರೆಯಲು ಹೋದೆ, ಲಲಿತಕ್ಕ ನನ್ನ ಕೈ ಒತ್ತಿ ಸುಮ್ಮನಿರಿಸಿದರು. ಆಮೇಲೆ ಸರೋಜಕ್ಕ ತಾವಾಗಿಯೇ ಒಂದು ಕಾಲು ಇಟ್ಟರು, ಇನ್ನೊಂದನ್ನು ಎಳೆದುಕೊಂಡರು. ಮುಂದಿನ ಸೀಟಿನಲ್ಲಿ ಕೂತ ಮೇಲೆ ಇಡೀ ಬಸ್ಸು ಉಸಿರು ಬಿಟ್ಟಿತು.

ಸೆರಗಿನ ತುದಿಯ ಗಂಟು ಬಿಚ್ಚಿ ನೋಟು ತೆಗೆದು, ‘ಆನವಟ್ಟಿಗೆ ಒಂದು ಕೊಡವ್ವ. ಎಷ್ಟಾತು?’ ಎಂದರು. ಬಸ್ಸು ಪುಕ್ಕಟೆಯಾದ ಮೇಲೆ ಅವರು ಹತ್ತಿಯೇ ಇರಲಿಲ್ಲವಲ್ಲ. ಆಧಾರ್ ಕಾರ್ಡು ಸಾಕು ಸರೋಜಕ್ಕ ಎಂದೆ. ಚೀಟಿ ಹರಿದು ಕೊಟ್ಟೆ. ಅವರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು, ಇಲ್ಲಿಂದ ಅಲ್ಲಿಗೆ, ದರ ಸೊನ್ನೆ.

‘ಇಷ್ಟ್ ವರ್ಷ ಈ ಒಂದ್ ಮೆಟ್ಟಲಕ್ಕ ಹೆದರಿ ಕುಂತಿದ್ದೆ,’ ಎಂದರು. ‘ಹತ್ತಿದ್ಮ್ಯಾಲ ನೋಡಿದ್ರ ರೇಟು ಜೀರೋ.’ ನಗಲು ಶುರುಮಾಡಿದರು. ನಗುತ್ತಲೇ ನನ್ನ ಜಡೆ ಕಡೆ ಕೈ ತೋರಿಸಿ, ‘ಹೆಸರು ಹೇಳ್ತು ನೋಡು ನಿನ್ ಹೂವು. ಜೀರೋ ಟಿಕೆಟ್,’ ಎಂದರು.

ಆಮೇಲೆ ಅವರು ಎಷ್ಟೋ ಸಂತೆಗೆ ಬಂದರು. ಆ್ಯಪ್‌ನಲ್ಲಿ ಕಟ್ಟಿದ ವರ್ಷ ಇನ್ನೂ ಬಾಕಿಯಿತ್ತು, ತೆಗೆದು ನೋಡಲು ಪುರುಸೊತ್ತಾಗಲಿಲ್ಲವಂತೆ. ನನ್ನ ಹೂವಿನ ಹಿಳ್ಳುಗಳನ್ನು ಆವತ್ತಿನಿಂದಲೇ ಬಸ್ಸಿನಲ್ಲಿ ಹಂಚಿದೆ. ಎರಡು ವರ್ಷದ ಮೇಲೆ ನನಗೆ ದೂರದ ಡಿಪೋಕ್ಕೆ ವರ್ಗವಾಯಿತು. ಅಲ್ಲಿ ಸಿಕ್ಕ ಮನೆಗೆ ತಾರಸಿಯಿಲ್ಲ, ಬಿಸಿಲಿಲ್ಲ. ಒಂದು ಮಳೆಗಾಲ ಕಳೆಯುವುದರೊಳಗೆ ಗೆಡ್ಡೆಗಳೆಲ್ಲ ಕೊಳೆತವು. ಜೀರೋ ಟಿಕೆಟ್ ಕೂಡ ಹೋಯಿತು. ಡಬ್ಬಿಯ ಮಣ್ಣು ಚೆಲ್ಲುವಾಗ ಅತ್ತಿದ್ದೆ, ಮನೆಯವರಿಗೆ ಕಾರಣ ಹೇಳಿರಲಿಲ್ಲ.

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಇದನ್ನೆಲ್ಲ ಆ ಹೆಂಗಸಿಗೆ ಹೇಳಲಿಲ್ಲ. ನಾನು ಹೂವನ್ನೇ ನೋಡುತ್ತಿರುವುದನ್ನು ಕಂಡು ಅವಳೇ ಗಿಡದ ಬುಡಕ್ಕೆ ಕೈ ಹಾಕಿ, ಬೇರು ಸಮೇತ ಒಂದು ಹಿಳ್ಳು ಕಿತ್ತು ನನ್ನ ಕೈಗಿಟ್ಟಳು. ಎಷ್ಟು ವರ್ಷದ ಪೇಟೆಯ ಕೈರೂಢಿಯೋ, ಪದ್ಧತಿ ಮರೆತು ನಾನು ಪರ್ಸು ತೆಗೆದೆ.

ಅವಳು ಹಿಳ್ಳನ್ನು ಹಿಂದಕ್ಕೆ ಕಿತ್ತುಕೊಳ್ಳುವವಳ ಹಾಗೆ ಕೈ ಚಾಚಿದಳು. ‘ಇದಕ್ಕೆ ದುಡ್ಡು ಕೊಡಬಾರ್ದು ಕಣ್ರೀ, ಗಿಡ ಹಿಡಿಯಲ್ಲ. ಬದ್ಲಿಗೆ ಏನಾರ ಒಂದು ಗಿಡ ಕೊಡಿ, ಯಾವಾಗಾದ್ರೂ ಆಗ್ಲಿ.’

ಪರ್ಸು ಒಳಗಿಟ್ಟೆ. ಥ್ಯಾಂಕ್ಸ್ ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ಅದನ್ನೂ ನುಂಗಿದೆ. ಹಿಳ್ಳನ್ನು ಸೆರಗಿನಲ್ಲಿ ಸುತ್ತಿಕೊಂಡು, ‘ನೀವು ಯಾವ ಬಸ್ಸಿಗೆ, ಯಾವ ಸ್ಟಾಪು?’ ಎಂದು ಕೇಳಿದೆ. ‘ಕಂಡಕ್ಟರ್ ಕೈಲಿ ಕೊಟ್ಟು ಕಳಿಸ್ತೀನಿ.’